ಊಟ ಬೇಡ ಅನ್ನಿ, ಜೊತೆ ಬೇಡ ಅನ್ನಬೇಡಿ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ. ದೇವರಿಗಾಗಿ ಏನನ್ನೋ ಬಿಟ್ಟಿದ್ದೇವೆ, ಅದು ನಮ್ಮೊಳಗೇ ಇರಲಿ ಅನ್ನಿಸುತ್ತದೆ, ಆದರೆ ಸುತ್ತ ಇರುವವರ ಜೊತೆ ಹೇಗಿರೋದು ಅಂತ ಕೇಳಿದ್ದಾರೆ. ಹಾಗಾಗಿ ಐದನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಯಿತು, ಉಳಿದವರೂ ಅದನ್ನು ಓದಿ.

ಪ್ರಶ್ನೆ: ನಮಸ್ಕಾರ. ದೇವರಲ್ಲಿ ಹೇಳಿಕೊಂಡು ಸ್ವಲ್ಪ ಕಾಲದ ಮಟ್ಟಿಗೆ ವಾರದಲ್ಲಿ ಎರಡು ದಿನ ಮಧ್ಯಾಹ್ನದ ಊಟ ಬಿಟ್ಟಿದ್ದೇನೆ. ಯಾರಿಗೂ ಹೇಳಬಾರದು ಅಂತ ನನ್ನ ಮನಸ್ಸು. ಆದರೆ ಆಫೀಸಿನಲ್ಲಿ ನಾವು ಕೆಲವರು ದಿನಾ ಒಟ್ಟಿಗೇ ಕೂತು ಊಟ ಮಾಡುವವರು. ಮೊದಲ ದಿನ ‘ಹೊಟ್ಟೆ ಸರಿಯಿಲ್ಲ’ ಅಂದೆ. ಒಬ್ಬಳು ಓಡಿಹೋಗಿ ಮಾತ್ರೆ ತಂದು, ನನ್ನೆದುರೇ ನಿಂತು ‘ನುಂಗು’ ಅಂದಳು. ಆಮೇಲಿಂದ ಆ ಹೊತ್ತಿಗೆ ಏನೋ ಕೆಲಸ ಇದೆ ಅಂತ ಎದ್ದು ಹೋಗುತ್ತೇನೆ. ಈಗ ನನಗೆ ಅವರ ಮೇಲೆ ಬೇಜಾರಾಗಿದೆ ಅಂತ ಅವರು ಅಂದುಕೊಂಡಿದ್ದಾರೆ. ಮೊನ್ನೆ ಒಬ್ಬರು ಊಹಿಸಿ ‘ಉಪವಾಸನಾ? ಅಯ್ಯೋ, ನಿಮ್ಮ ಮುಂದೇನೇ ತಿಂತಿದೀವಲ್ಲ’ ಅಂದರು. ಎಲ್ಲರೂ ನನ್ನನ್ನು ಬೇರೆ ಥರ ನೋಡಿದರು. ನಿಜ ಹೇಳಬೇಕು ಅಂದ್ರೆ ನನಗೆ ಒಳಗೊಳಗೇ ಖುಷಿಯಾಯಿತು. ಅದೇ ಈಗ ಕೊರೆಯುತ್ತಿದೆ. ಏನು ಮಾಡಲಿ?

ಉತ್ತರ: ಆ ಖುಷಿಯಿಂದಲೇ ಶುರು ಮಾಡೋಣ. ನೀವು ಅದನ್ನು ಪತ್ರದ ಕೊನೆಯಲ್ಲಿ ಬರೆದಿದ್ದರೂ ನಿದ್ದೆ ಕೆಡಿಸುತ್ತಿರುವುದು ಅದೇ ಅಂತ ಗೊತ್ತಾಗುತ್ತದೆ. ನಾಲ್ಕು ಜನ ಗೌರವದಿಂದ ನೋಡಿದಾಗ ಮನಸ್ಸು ಅರಳುವುದು ಸಹಜ. ಅದು ತಾನಾಗಿ ಬಂತು, ನೀವು ಕರೆದು ತಂದದ್ದಲ್ಲ. ಅಷ್ಟಕ್ಕೇ ಹರಕೆ ಕೆಟ್ಟುಹೋಯಿತು ಅಂತ ಕೊರಗಬೇಡಿ. ಮುಂದಿನ ಸಲ ಅದೇ ನೋಟ ಬೇಕು ಅನ್ನಿಸಿ, ಯಾರಾದರೂ ಗಮನಿಸಲಿ ಅಂತ ಮುಖ ಸ್ವಲ್ಪ ಸಪ್ಪಗೆ ಮಾಡಿಕೊಂಡರೆ, ಅಲ್ಲಿ ಎಚ್ಚರ ಬೇಕು.

ಈ ಅಪಾಯ ಬಹಳ ಹಳೆಯದು, ಎಲ್ಲ ಧರ್ಮದವರಿಗೂ ಗೊತ್ತಿರುವಂಥದ್ದು. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು, ಉಪವಾಸ ಮಾಡುವಾಗ ಮುಖ ಬಾಡಿಸಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ, ನಿಮ್ಮ ಉಪವಾಸ ಜನರಿಗೆ ಕಾಣದಿರಲಿ ಎನ್ನುತ್ತಾರೆ. ಕ್ಯಾಥೋಲಿಕರ ತಪಸ್ಸುಕಾಲ (ಈಸ್ಟರಿಗೆ ಮೊದಲಿನ ಉಪವಾಸ, ಪ್ರಾರ್ಥನೆಯ ದಿನಗಳು) ಶುರುವಾಗುವ ಬೂದಿ ಬುಧವಾರ ಚರ್ಚುಗಳಲ್ಲಿ ಓದುವುದು ಇದೇ ಭಾಗವನ್ನು, ಅದೂ ಎಲ್ಲರಿಗೂ ಕಾಣುವ ಹಾಗೆ ಬೂದಿ ಹಚ್ಚಿಸಿಕೊಳ್ಳುವ ದಿನವೇ. ಭಗವದ್ಗೀತೆಯ 17ನೇ ಅಧ್ಯಾಯದ 18ನೇ ಶ್ಲೋಕ ಇನ್ನೂ ನೇರವಾಗಿದೆ. ಸತ್ಕಾರ, ಮಾನ, ಪೂಜೆ ಸಿಗಲಿ ಅಂತ ಡಂಭದಿಂದ ಮಾಡಿದ ತಪಸ್ಸನ್ನು ಅದು ರಾಜಸ ಎಂದು ಕರೆದು, ಅಂಥದ್ದು ಬಾಳುವುದಿಲ್ಲ ಎನ್ನುತ್ತದೆ. ನನಗೆ ಈ ‘ಬಾಳುವುದಿಲ್ಲ’ ಅನ್ನುವ ಮಾತು ತುಂಬಾ ಹಿಡಿಸುತ್ತದೆ. ನೋಡುವವರು ಇದ್ದಾರೆ ಅಂತ ಮಾಡಿದ್ದು, ಅವರು ನೋಡುವುದು ಬಿಟ್ಟ ದಿನ ತಾನೂ ನಿಂತುಹೋಗುತ್ತದೆ ಅಲ್ವಾ?

12ನೇ ಶತಮಾನದ ಬಸವಣ್ಣನವರು ಇದಕ್ಕಿಂತ ಒಳಗೆ ಹೋಗುತ್ತಾರೆ. ‘ಮಾಡಿದೆ’ ಅನ್ನುವುದು ಮನಸ್ಸಿನಲ್ಲಿ ಹೊಳೆದರೇ ಸಾಕು, ಅದು ಕಾಡುತ್ತದೆ ಅನ್ನುವ ಅರ್ಥದ ವಚನ ಅವರದು. ಅಂದರೆ ಯಾರಿಗೂ ಹೇಳದೆ ಬಚ್ಚಿಟ್ಟ ಮಾತ್ರಕ್ಕೆ ನಾವು ಪಾರಾಗುವುದಿಲ್ಲ. ‘ನೋಡು, ಯಾರಿಗೂ ಹೇಳದೆ ಎಷ್ಟು ಚೆನ್ನಾಗಿ ಮಾಡ್ತಿದ್ದೀನಿ’ ಅಂತ ನಮ್ಮನ್ನು ನಾವೇ ಹೊಗಳಿಕೊಳ್ಳುತ್ತಾ ಕೂರಬಹುದು. ಗುಟ್ಟಾಗಿ ಇಡುವುದೇ ಹರಕೆ ಆಗಿಬಿಡಬಾರದು. ನೀವು ದೇವರಲ್ಲಿ ಹೇಳಿಕೊಂಡಿದ್ದು ಊಟ ಬಿಡುತ್ತೇನೆ ಅಂತ. ಗೆಳತಿಯರನ್ನು ಬಿಡುತ್ತೇನೆ ಅಂತ ಹೇಳಿಕೊಂಡಿರಲಿಲ್ಲ.

ಈಗ ಸುಳ್ಳಿನ ವಿಷಯ. ‘ಹೊಟ್ಟೆ ಸರಿಯಿಲ್ಲ’ ಅನ್ನಬೇಡಿ. ಸುಳ್ಳು ಹೇಳಬಾರದು ಅನ್ನುವುದು ಒಂದು ಕಡೆ ಇರಲಿ, ಇಂಥ ಸುಳ್ಳು ಇನ್ನೊಬ್ಬರ ಕಾಳಜಿಯನ್ನು ಸುಮ್ನೆ ಖರ್ಚು ಮಾಡಿಸುತ್ತದೆ. ಆಕೆ ಮಾತ್ರೆ ಹಿಡಿದು ನಿಂತಿದ್ದು ನಿಮ್ಮ ಮೇಲಿನ ಪ್ರೀತಿಯಿಂದ. ಆ ಪ್ರೀತಿಗೆ ಇಲ್ಲದ ಕಾಯಿಲೆ ತೋರಿಸಿದಂತಾಯಿತು. ‘ಕೆಲಸ ಇದೆ’ ಅನ್ನುವುದೂ ಅಷ್ಟೇ. ನಾಲ್ಕು ಸಲ ಕೆಲಸ ಬಂದರೆ ಐದನೇ ಸಲಕ್ಕೆ ಯಾರಿಗಾದರೂ ಅರ್ಥವಾಗುತ್ತದೆ.

ನಿಜವನ್ನೇ, ಎಷ್ಟು ಬೇಕೋ ಅಷ್ಟೇ ಹೇಳಿ. ‘ಇವತ್ತು ಮಧ್ಯಾಹ್ನ ಊಟ ಬೇಡ, ನೀವು ಮಾಡಿ, ನಾನೂ ಬಂದು ಕೂರ್ತೀನಿ.’ ಇದರಲ್ಲಿ ಒಂದೂ ಸುಳ್ಳಿಲ್ಲ. ಕಾರಣ ಹೇಳಬೇಕು ಅನ್ನುವ ಸಾಲ ನಿಮಗೆ ಯಾರದ್ದೂ ಇಲ್ಲ. ನಾವು ಕಾರಣ ಕೊಡಲು ಹೊರಟಾಗಲೇ ಮಾತು ಉದ್ದವಾಗುವುದು, ಮಾತು ಉದ್ದವಾದಾಗಲೇ ಎಲ್ಲರ ಕಣ್ಣು ನಮ್ಮ ಮೇಲೆ ಬೀಳುವುದು.

ಇಲ್ಲೊಂದು ಸೂಕ್ಷ್ಮ ಇದೆ. ‘ಯಾಕೆ, ಊಟ ಇಲ್ವಾ?’ ಅಂತ ಜನ ಮೊದಲ ಸಲ ಕೇಳುವುದು ಅಭ್ಯಾಸಕ್ಕೆ. ‘ಇವತ್ತು ಬೇಡ’ ಅಂದರೆ ಹೆಚ್ಚಿನವರು ಅಲ್ಲಿಗೇ ಬಿಡುತ್ತಾರೆ. ಅದೇ ವ್ಯಕ್ತಿ ಮತ್ತೆ ‘ಯಾಕೆ?’ ಅಂತ ಕೇಳಿದರೆ ಅದರ ಒಳಗೆ ಬೇರೆ ಪ್ರಶ್ನೆ ಇರುತ್ತದೆ: ನಮ್ಮ ಮೇಲೆ ಏನಾದರೂ ಬೇಜಾರಾ? ಆಗ ಆ ಒಳಗಿನ ಪ್ರಶ್ನೆಗೆ ಉತ್ತರ ಕೊಡಿ. ‘ಏನೂ ಬೇಜಾರಿಲ್ಲ ಕಣೇ, ಹುಷಾರಾಗಿದ್ದೀನಿ, ನನ್ನದೇ ಒಂದು ಕಾರಣ ಇದೆ ಅಷ್ಟೇ, ಅದಿರಲಿ, ನಿನ್ನ ತಂಗಿ ಪರೀಕ್ಷೆ ಏನಾಯ್ತು?’ ಅವರ ಆತಂಕ ಕಳೆಯಿತು ಅಂದರೆ ಕಾರಣ ಏನು ಅನ್ನುವ ಕುತೂಹಲವೂ ತಣ್ಣಗಾಗುತ್ತದೆ.

ಮತ್ತೆ ಆ ಹೊತ್ತಿಗೆ ಎದ್ದು ಹೋಗುವುದನ್ನು ಇವತ್ತೇ ಬಿಡಿ. ಸಾಧ್ಯವಾದರೆ ಎಲ್ಲರಿಗಿಂತ ಮೊದಲೇ ಹೋಗಿ ಕೂತುಕೊಳ್ಳಿ. ಎಲ್ಲರೂ ತಿನ್ನಲು ಶುರು ಮಾಡಿದ ಮೇಲೆ ಬಂದರೆ ನಿಮ್ಮ ಖಾಲಿ ಕೈ ಎದ್ದು ಕಾಣುತ್ತದೆ. ನಿಮ್ಮ ಹರಕೆಯಲ್ಲಿ ನೀರು ಕುಡಿಯಬಹುದಾದರೆ ಮುಂದೆ ಒಂದು ಲೋಟ ನೀರಿರಲಿ. ಉಳಿದವರಿಗೆ ನೀರು ತುಂಬಿ ಕೊಡಿ, ಬಿಗಿಯಾದ ಡಬ್ಬಿಯ ಮುಚ್ಚಳ ತೆಗೆದುಕೊಡಿ, ಕೈಗೆ ಏನೋ ಕೆಲಸ ಇದ್ದರೆ ನಿಮಗೂ ಸರಾಗ, ನೋಡುವವರಿಗೂ ಸರಾಗ. ಯಾರಾದರೂ ಡಬ್ಬಿ ನಿಮ್ಮತ್ತ ಚಾಚಿದರೆ ಕೈ ಅಡ್ಡ ಹಿಡಿದು ಹಿಂದೆ ಸರಿಯಬೇಡಿ. ಡಬ್ಬಿ ಇಸಿದುಕೊಂಡು, ‘ಘಮ್ ಅಂತಿದೆ’ ಅಂದು ಪಕ್ಕದವರಿಗೆ ದಾಟಿಸಿ. ಬೇಡ ಅನ್ನುವ ಮಾತನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಬರುವುದಿಲ್ಲ.

ಪ್ರವಾದಿ ಮುಹಮ್ಮದರ ಒಂದು ಹದೀಸ್, ಅಂದರೆ ಅವರದೆಂದು ದಾಖಲಾದ ಮಾತು, ‘ಸಹೀಹ್ ಮುಸ್ಲಿಂ’ ಎಂಬ ಸಂಗ್ರಹದಲ್ಲಿದೆ. ಊಟಕ್ಕೆ ಕರೆದರೆ ಒಪ್ಪಿಕೊಳ್ಳಿ, ಉಪವಾಸ ಇದ್ದವರು ಹೋಗಿ ಕರೆದವರಿಗಾಗಿ ಪ್ರಾರ್ಥಿಸಲಿ, ಇಲ್ಲದವರು ಉಣ್ಣಲಿ ಅಂತ ಅದರ ಸಾರ. ಗಮನಿಸಿ, ಉಪವಾಸ ಇದ್ದೀರಿ, ಹಾಗಾಗಿ ಹೋಗಬೇಡಿ ಅಂತ ಹೇಳಿಲ್ಲ. ಕರೆದವರಿಗೆ ಬೇಕಿರುವುದು ನೀವು.

ಯಾರಾದರೂ ನೇರವಾಗಿ ‘ಉಪವಾಸನಾ?’ ಅಂತ ಕೇಳಿಯೇಬಿಟ್ಟರೆ? ‘ಹೌದು’ ಅನ್ನಿ, ಮುಂದಕ್ಕೆ ಹೋಗಿ. ಇಲ್ಲ ಅನ್ನಬೇಕಾಗಿಲ್ಲ, ತಡವರಿಸಬೇಕಾಗಿಯೂ ಇಲ್ಲ. ನೀವು ತಡವರಿಸಿದಷ್ಟೂ ವಿಷಯ ದೊಡ್ಡದಾಗುತ್ತದೆ. ಇನ್ನೊಂದು ಪ್ರಸಿದ್ಧ ಹದೀಸ್ ಪ್ರಕಾರ, ಉಪವಾಸ ಇರುವವರನ್ನು ಯಾರಾದರೂ ಬೈದರೆ, ಜಗಳಕ್ಕೆ ಬಂದರೆ, ‘ನಾನು ಉಪವಾಸ ಇದ್ದೇನೆ’ ಅಂತ ಹೇಳಬೇಕು. ನೋಡಿ, ಬಾಯಿಬಿಟ್ಟು ಹೇಳುವುದಕ್ಕೂ ಸಂದರ್ಭ ಉಂಟು. ಹೇಳಿದರೆ ಜಗಳ ನಿಲ್ಲುತ್ತದೆ, ಸಂಬಂಧ ಉಳಿಯುತ್ತದೆ ಅನ್ನುವಾಗ ಒಂದು ವಾಕ್ಯ ಹೇಳುವುದು ಜಂಬ ಅಲ್ಲ. ‘ನಿಮ್ಮ ಮುಂದೇನೇ ತಿಂತಿದೀವಲ್ಲ’ ಅಂದವರಿಗೆ ‘ಅಯ್ಯೋ, ಆರಾಮಾಗಿ ತಿನ್ನಿ, ನಂಗೇನೂ ಅನ್ಸಲ್ಲ’ ಅಂದರೆ ಸಾಕು. ಅದನ್ನು ನಗುತ್ತಾ ಹೇಳಿ, ಮತ್ತು ಅದು ನಿಜವೂ ಆಗಿರಲಿ. ಹಸಿದಿರುವ ದಿನ ಸಣ್ಣ ಮಾತಿಗೂ ರೇಗುವವರಿದ್ದಾರೆ. ಉಪವಾಸ ಅವರದು, ಸಿಡುಕು ಮಾತ್ರ ಪಕ್ಕದವರ ಪಾಲು. ಹಾಗಾಗುತ್ತಿದೆ ಅನ್ನಿಸಿದರೆ ಹರಕೆಯನ್ನು ಸ್ವಲ್ಪ ಹಗುರ ಮಾಡಿಕೊಳ್ಳಿ, ಪೂರ್ತಿ ಊಟದ ಬದಲು ಅರ್ಧ ಬಿಡಿ. ದೇವರಿಗೆ ಲೆಕ್ಕ ಗೊತ್ತಿದೆ.

ಇನ್ನೊಂದು ಕಷ್ಟದ ಸಂದರ್ಭ ನಿಮಗೆ ಮುಂದೆ ಬಂದೇ ಬರುತ್ತದೆ. ಅವತ್ತೇ ಯಾರೋ ನಿಮಗೋಸ್ಕರ ಅಂತ ಮಾಡಿಕೊಂಡು ಬಂದಿರುತ್ತಾರೆ, ಏನೋ ಸಂತೋಷದ ಸುದ್ದಿ ಇರುತ್ತದೆ. ಆಗ? ಇಲ್ಲಿ ಎರಡನ್ನು ಬೇರೆ ಮಾಡಬೇಕು. ಧರ್ಮವೇ ಕಡ್ಡಾಯ ಮಾಡಿದ್ದು ಒಂದು, ನಾವೇ ಹಮ್ಮಿಕೊಂಡಿದ್ದು ಇನ್ನೊಂದು. ರಂಜಾನ್ ತಿಂಗಳ ಉಪವಾಸವನ್ನು ನೆಂಟರು ಬಂದರು ಅಂತ ಯಾರೂ ಬಿಡುವುದಿಲ್ಲ, ಬಿಡಿ ಅಂತ ಕೇಳುವುದೂ ಇಲ್ಲ. ಕ್ಯಾಥೋಲಿಕರಿಗೆ ಉಪವಾಸ ಕಡ್ಡಾಯ ಇರುವುದು ವರ್ಷದಲ್ಲಿ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ತಪಸ್ಸುಕಾಲದ ಉಳಿದ ದಿನಗಳಲ್ಲಿ ಒಬ್ಬೊಬ್ಬರು ಬಿಡುವ ಒಂದೊಂದು ವಸ್ತು ಅವರವರ ನಿರ್ಧಾರ. ನಿಮ್ಮದು ಈ ಎರಡನೇ ಜಾತಿಯದು. ಇದನ್ನು ಒಂದು ದಿನ ಮುಂದೆ ಹಾಕಬಹುದು.

ಇದಕ್ಕೆ ದೊಡ್ಡವರ ಮೇಲ್ಪಂಕ್ತಿ ಇದೆ. 4ನೇ ಶತಮಾನದ ಕೊನೆಯಲ್ಲಿ ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ ಈಜಿಪ್ಟಿನ ಮರುಭೂಮಿಯ ತಪಸ್ವಿಗಳನ್ನು ನೋಡಲು ಹೋಗಿದ್ದರು. ಕಠಿಣ ಉಪವಾಸಕ್ಕೆ ಹೆಸರಾದವರು ಆ ತಪಸ್ವಿಗಳು. ಆದರೆ ಅತಿಥಿಗಳು ಬಂದರು ಅಂತ ಉಪವಾಸ ಮುರಿದು ಜೊತೆಗೆ ಕೂತು ಉಂಡರಂತೆ. ಕಾರಣ ಕೇಳಿದ್ದಕ್ಕೆ ಒಬ್ಬ ಹಿರಿಯರು, ಉಪವಾಸ ಯಾವಾಗಲೂ ನನ್ನ ಜೊತೆಗೇ ಇರುತ್ತದೆ, ನಿಮ್ಮನ್ನು ಮಾತ್ರ ಸದಾ ಇಟ್ಟುಕೊಳ್ಳಲು ಆಗುವುದಿಲ್ಲ ಅನ್ನುವ ಅರ್ಥದ ಮಾತು ಹೇಳಿದರು ಅಂತ ಕ್ಯಾಸಿಯನ್ ಬರೆದಿಟ್ಟಿದ್ದಾರೆ. ಅತಿಥಿಗಳು ಹೋದ ಮೇಲೆ ಅವರ ಉಪವಾಸ ಮತ್ತೆ ಮುಂದುವರಿಯುತ್ತಿತ್ತು. ನೀವೂ ಹಾಗೇ ಮಾಡಿ. ಅವತ್ತು ಉಣ್ಣಿ, ಮಾರನೇ ದಿನ ಊಟ ಬಿಡಿ. ಇದೂ ಯಾರಿಗೂ ಗೊತ್ತಾಗಬೇಕಿಲ್ಲ. ಆದರೆ ವಾರವಾರವೂ ಏನೋ ಒಂದು ನೆಪ ಸಿಕ್ಕಿ ಹರಕೆಯೇ ಕರಗಿಹೋಗುತ್ತಿದ್ದರೆ ಅದು ನಿಮಗೇ ತಿಳಿಯುತ್ತದೆ, ನಾನು ಹೇಳಬೇಕಾಗಿಲ್ಲ.

ಕೊನೆಯದಾಗಿ, ಮಾತ್ರೆ ತಂದುಕೊಟ್ಟ ಗೆಳತಿ. ಉಳಿದವರಿಗೆ ಹೇಳದಿದ್ದರೂ ನಡೆಯುತ್ತದೆ, ಆಕೆಗೆ ಹೇಳಿ. ಎಲ್ಲರೆದುರು ಬೇಡ, ಇಬ್ಬರೇ ಇರುವಾಗ. ‘ಅವತ್ತು ಹೊಟ್ಟೆ ಚೆನ್ನಾಗೇ ಇತ್ತು, ಒಂದು ಹರಕೆ ಇತ್ತು, ಹೇಳೋಕೆ ಸಂಕೋಚ ಆಯ್ತು, ನೀನು ಓಡಿಹೋಗಿದ್ದು ನೋಡಿ ಪಾಪ ಅನ್ನಿಸ್ತು.’ ಇಷ್ಟು ಸಾಕು. ಗುಟ್ಟು ಒಬ್ಬರಿಗೆ ಗೊತ್ತಾದರೆ ಹರಕೆಗೆ ಏನೂ ಆಗುವುದಿಲ್ಲ, ಮೇಜಿನ ಹತ್ತಿರ ನಿಮ್ಮ ಪರವಾಗಿ ಮಾತು ಬದಲಿಸುವವರು ಒಬ್ಬರು ಸಿಗುತ್ತಾರೆ.

ಪ್ರಶ್ನೆ: ನನ್ನ ಸಂಬಳದಲ್ಲಿ ಒಂದು ಪಾಲನ್ನು ದೇವರ ಹೆಸರಲ್ಲಿ ಕಷ್ಟದಲ್ಲಿರುವವರಿಗೆ ಕೊಡುತ್ತೇನೆ, ಹೆಂಡತಿಗೂ ಹೇಳಿಲ್ಲ. ಇದರಿಂದ ಗೆಳೆಯರ ಪ್ರವಾಸ, ಪಾರ್ಟಿಗಳಿಗೆ ದುಡ್ಡು ಉಳಿಯುವುದಿಲ್ಲ. ‘ಜುಗ್ಗ’ ಅಂತ ಹೆಸರಿಟ್ಟಿದ್ದಾರೆ. ತಮಾಷೆಗೇ ಅಂದರೂ ನೋವಾಗುತ್ತದೆ. ಕಾರಣ ಹೇಳಿಬಿಡಲಾ?

ಉತ್ತರ: ಮೊದಲು ಮನೆ. ಸಂಬಳ ನಿಮ್ಮ ಹೆಸರಿಗೆ ಬರಬಹುದು, ಆದರೆ ಅದು ಕಡಿಮೆಯಾದರೆ ಅನುಭವಿಸುವುದು ಇಬ್ಬರೂ. ಹೆಂಡತಿಗೆ ಗೊತ್ತಿಲ್ಲದ ತ್ಯಾಗದಲ್ಲಿ ಅವರ ಪಾಲಿನದ್ದನ್ನೂ ನೀವೇ ತ್ಯಾಗ ಮಾಡಿದಂತೆ ಆಗುತ್ತದೆ. ಬೈಬಲಿನಲ್ಲಿರುವ, ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ (7ನೇ ಅಧ್ಯಾಯ) ಸಂತ ಪೌಲರು, ಪ್ರಾರ್ಥನೆಗಾಗಿ ಗಂಡಹೆಂಡತಿ ದೂರ ಇರುವುದಾದರೂ ಇಬ್ಬರೂ ಒಪ್ಪಿ, ಸ್ವಲ್ಪ ಕಾಲ ಮಾತ್ರ ಇರಲಿ ಎನ್ನುತ್ತಾರೆ. ಅದು ಬೇರೆ ವಿಷಯ ನಿಜ, ಆದರೆ ಒಬ್ಬರ ಹರಕೆಯ ಭಾರ ಇನ್ನೊಬ್ಬರ ಮೇಲೂ ಬೀಳುವಾಗ ಅವರನ್ನು ಕೇಳಲೇಬೇಕು ಅನ್ನುವುದು ಇಲ್ಲಿಗೂ ಸಲ್ಲುತ್ತದೆ. ಇವತ್ತು ರಾತ್ರಿಯೇ ಹೇಳಿ. ಬೇಜಾರು ಮಾಡಿಕೊಂಡರೆ ಕೇಳಿಸಿಕೊಳ್ಳಿ. ಬೇಕಾದರೆ ಪಾಲು ಕಡಿಮೆ ಮಾಡಿ, ಆದರೆ ಇಬ್ಬರ ಕೈಯಿಂದ ಹೋಗಲಿ.

ಗೆಳೆಯರಿಗೆ ಹೇಳಬೇಕಾಗಿಲ್ಲ. ಪಡೆದುಕೊಳ್ಳುವವರ ಮಾನವೂ ಇದರಲ್ಲಿದೆ ಅನ್ನುವುದನ್ನು ಮರೆಯಬೇಡಿ. ಕುರ್‌ಆನ್ 2:271ರಲ್ಲಿ, ಬಹಿರಂಗವಾಗಿ ದಾನ ಕೊಟ್ಟರೂ ಒಳ್ಳೆಯದು, ಬಚ್ಚಿಟ್ಟು ಬಡವರಿಗೆ ಕೊಟ್ಟರೆ ಇನ್ನೂ ಒಳ್ಳೆಯದು ಎಂದಿದೆ. ಯಹೂದಿ ಪಂಡಿತ ಮೈಮೊನಿಡಿಸ್ 12ನೇ ಶತಮಾನದಲ್ಲಿ ದಾನವನ್ನು 8 ಮೆಟ್ಟಿಲುಗಳಾಗಿ ವಿಂಗಡಿಸಿದರು. ಕೊಟ್ಟವರು ಯಾರು, ಪಡೆದವರು ಯಾರು ಅಂತ ಇಬ್ಬರಿಗೂ ಗೊತ್ತಿಲ್ಲದ ದಾನ ಮೇಲಿನಿಂದ ಎರಡನೆಯದು. ಎಲ್ಲಕ್ಕಿಂತ ಮೇಲಿನದು, ಮತ್ತೆ ಕೈಚಾಚದ ಹಾಗೆ ಒಬ್ಬರನ್ನು ಅವರ ಕಾಲ ಮೇಲೆ ನಿಲ್ಲಿಸುವುದು. ಜೆರುಸಲೇಮಿನ ಹಳೆಯ ದೇವಾಲಯದಲ್ಲಿ ಗುಟ್ಟಿನ ಕೋಣೆ ಅಂತಲೇ ಒಂದಿತ್ತು ಎಂದು ಯಹೂದಿಗಳ ಹಳೆಯ ಧರ್ಮಗ್ರಂಥ ಮಿಶ್ನಾ ಹೇಳುತ್ತದೆ. ಪಾಪಭೀರುಗಳು ಅಲ್ಲಿ ಗುಟ್ಟಾಗಿ ಹಣ ಇಡುತ್ತಿದ್ದರು, ಒಳ್ಳೆಯ ಮನೆತನದ ಬಡವರ ಜೀವನ ಅದರಿಂದ ಗುಟ್ಟಾಗಿಯೇ ನಡೆಯುತ್ತಿತ್ತು. ಎಷ್ಟು ನಾಜೂಕಾದ ಏರ್ಪಾಡು!

ಜುಗ್ಗ ಅನ್ನುವ ಹೆಸರು ನೋವು ಕೊಡುತ್ತದೆ, ಗೊತ್ತು. ಅದಕ್ಕೆ ಉತ್ತರ ನಿಮ್ಮ ಸಮಯದಲ್ಲಿದೆ. ದುಡ್ಡು ಜಾಸ್ತಿ ಬೇಡದ ಕಡೆ ನೀವೇ ಮುಂದಾಗಿ. ಅವರನ್ನು ಮನೆಗೆ ಕರೆಯಿರಿ, ಯಾರಾದರೂ ಮನೆ ಬದಲಿಸುವಾಗ ಸಾಮಾನು ಹೊರಲು ಹೋಗಿ, ಆಸ್ಪತ್ರೆಯಲ್ಲಿ ರಾತ್ರಿ ಕೂರಲು ಜನ ಬೇಕಾದಾಗ ‘ನಾನಿದ್ದೀನಿ’ ಅನ್ನಿ. ಪ್ರವಾಸಕ್ಕೆ ಕರೆದಾಗ ಮಾತ್ರ ಸುತ್ತುಬಳಸಬೇಡಿ: ‘ಈ ಸಲ ನನ್ನ ಕೈಲಿ ಆಗಲ್ಲ ಕಣ್ರೋ, ಒಂದೇ ದಿನದ್ದು ಹಾಕಿದ್ರೆ ಖಂಡಿತ ಬರ್ತೀನಿ.’ ಆಮೇಲೂ ಯಾರಾದರೂ ಆ ಹೆಸರು ಹಿಡಿದು ಕರೆದರೆ, ಅವರಲ್ಲಿ ಒಬ್ಬರನ್ನು ಪಕ್ಕಕ್ಕೆ ಕರೆದು ‘ಆ ಮಾತು ನಂಗೆ ಚುಚ್ಚುತ್ತೆ’ ಅಂತ ಹೇಳಿ. ಕಾರಣ ಹೇಳದೆಯೂ ನೋವಾಗುತ್ತದೆ ಅಂತ ಹೇಳಬಹುದು.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ, ಮಾತ್ರೆ ತೆಗೆದುಕೊಳ್ಳುತ್ತೇನೆ. ಉಪವಾಸದ ವಿಷಯ ಡಾಕ್ಟರಿಗೂ ಹೇಳಬೇಕಾ? ಬೇಡ ಅಂದುಬಿಟ್ಟರೆ ಅಂತ ಭಯ.

ಉತ್ತರ: ಹೇಳಲೇಬೇಕು, ಉಪವಾಸ ಶುರು ಮಾಡುವ ಮೊದಲೇ. ಇನ್ಸುಲಿನ್ ಮತ್ತು ಕೆಲವು ಮಾತ್ರೆಗಳು ಊಟ ಬಿಟ್ಟಾಗ ಸಕ್ಕರೆ ಅಂಶವನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತವೆ. ಮಾತ್ರೆಯ ಪ್ರಮಾಣ, ಹೊತ್ತು ಎರಡನ್ನೂ ಅವರೇ ಬದಲಿಸಿಕೊಡಬೇಕು, ನೀವಾಗಿ ಬದಲಿಸಬೇಡಿ. ಬೆವರು, ನಡುಕ, ಮಂಕು ಕಾಣಿಸಿಕೊಂಡರೆ ಅಥವಾ ರಕ್ತದ ಸಕ್ಕರೆ 70ಕ್ಕಿಂತ (mg/dL) ಕೆಳಗೆ ಇಳಿದರೆ ಆ ಕ್ಷಣ ಉಪವಾಸ ಮುರಿಯಿರಿ. ಮನೆಯಲ್ಲಿ, ಕೆಲಸದ ಜಾಗದಲ್ಲಿ ಒಬ್ಬೊಬ್ಬರಿಗಾದರೂ ಗೊತ್ತಿರಲಿ. ರಂಜಾನ್ ಉಪವಾಸದಂಥ ಕಡ್ಡಾಯದ ಉಪವಾಸಕ್ಕೇ ಕುರ್‌ಆನ್ ಕಾಯಿಲೆಯವರಿಗೆ ವಿನಾಯಿತಿ ಕೊಟ್ಟಿದೆ (2:184, 185). ಹಾಗಿರುವಾಗ ನೀವಾಗಿ ಹಮ್ಮಿಕೊಂಡಿದ್ದಕ್ಕೆ ಜೀವ ಒತ್ತೆ ಇಡಬೇಕಾಗಿಲ್ಲ. ಡಾಕ್ಟರು ಬೇಡವೇ ಬೇಡ ಅಂದರೆ ಊಟದ ಬದಲು ಬೇರೆ ಏನಾದರೂ ಬಿಡಿ, ಟಿವಿ ಬಿಡಿ, ಚಾಡಿ ಮಾತು ಬಿಡಿ. ಎರಡನೆಯದು ಉಪವಾಸಕ್ಕಿಂತ ಕಷ್ಟ.

ಪ್ರಶ್ನೆ: ವ್ರತ ಅಂತ ಕೆಲವು ವಾರ ಸೋಷಿಯಲ್ ಮೀಡಿಯಾ ಬಿಡುತ್ತಿದ್ದೇನೆ. ‘ಇಷ್ಟು ದಿನ ಸಿಗಲ್ಲ’ ಅಂತ ಒಂದು ಪೋಸ್ಟ್ ಹಾಕಿ ಹೋಗಲಾ?

ಉತ್ತರ: ಬೇಡ. ಪೋಸ್ಟ್ ಹಾಕಿದ ಮೇಲೆ ಯಾರು ಏನಂದರು ಅಂತ ನೋಡಲು ಮನಸ್ಸು ಎಳೆಯುತ್ತಲೇ ಇರುತ್ತದೆ, ಬಿಟ್ಟೂ ಬಿಡದ ಹಾಗಾಗುತ್ತದೆ. ಅಲ್ಲಿ ನಿಮ್ಮ ಜೊತೆ ದಿನಾ ಮಾತಾಡುವ ಕೆಲವರು ಇರುತ್ತಾರಲ್ಲ, ಅವರಿಗೆ ಮಾತ್ರ ಒಬ್ಬೊಬ್ಬರಿಗೇ ‘ಸ್ವಲ್ಪ ದಿನ ಇಲ್ಲಿ ಇರಲ್ಲ, ಫೋನ್ ಮಾಡು’ ಅಂತ ಬರೆಯಿರಿ. ಆಮೇಲೆ ನೀವೇ ಫೋನ್ ಮಾಡಿ. ಹುಟ್ಟುಹಬ್ಬಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಅದೊಂದು ತಪ್ಪಿದರೆ ಜನಕ್ಕೆ ನಿಜವಾಗಿ ಬೇಜಾರಾಗುತ್ತದೆ.

ಪ್ರಶ್ನೆ: ನನ್ನದು ಉಲ್ಟಾ ಸಮಸ್ಯೆ. ಆಪ್ತ ಗೆಳೆಯ ಈಚೆಗೆ ಕೆಲವು ಬಿಟ್ಟಿದ್ದಾನೆ, ಏನೋ ವ್ರತ ಇರಬೇಕು ಅಂತ ನನ್ನ ಊಹೆ. ಕೇಳಿದರೆ ನಕ್ಕು ಸುಮ್ಮನಾಗುತ್ತಾನೆ. ಇಷ್ಟು ವರ್ಷದ ಸ್ನೇಹ, ನನಗೂ ಹೇಳಬಾರದಾ?

ಉತ್ತರ: ಅವನು ನಕ್ಕಿದ್ದಾನಲ್ಲ, ಸಿಡುಕಿಲ್ಲ, ಸುಳ್ಳೂ ಹೇಳಿಲ್ಲ. ಅದರಲ್ಲೇ ನಿಮಗೆ ಉತ್ತರ ಇದೆ. ಆಪ್ತರು ಅಂದ ಮಾತ್ರಕ್ಕೆ ದೇವರ ಹತ್ತಿರ ಆಡಿದ ಮಾತೆಲ್ಲ ನಮಗೂ ಹೇಳಬೇಕು ಅಂತಿಲ್ಲ. ಇನ್ನು ಕೇಳಬೇಡಿ. ಬೇರೆಯವರ ಮುಂದೆ ‘ಇವನದೇನೋ ವ್ರತ ನಡೀತಿದೆ’ ಅಂತ ತಮಾಷೆಗೂ ಅನ್ನಬೇಡಿ, ಒತ್ತಾಯ ಮಾಡಿ ಪರೀಕ್ಷೆ ಮಾಡಬೇಡಿ. ಎಲ್ಲರೂ ಸೇರುವಾಗ ಅವನು ಬಿಟ್ಟಿರುವುದರ ಸುತ್ತಲೇ ಎಲ್ಲವನ್ನೂ ಏರ್ಪಾಡು ಮಾಡುವ ಬದಲು, ಅವನೂ ಆರಾಮಾಗಿ ಕೂರುವಂಥದ್ದು ಏನಾದರೂ ನೋಡಿ, ಒಂದು ನಡಿಗೆ, ಒಂದು ಆಟ. ಯಾರಾದರೂ ಅವನನ್ನು ‘ಯಾಕೆ ಬೇಡ, ತಗೋ’ ಅಂತ ಒತ್ತಾಯಿಸಲು ಶುರು ಮಾಡಿದರೆ ನೀವು ನಡುವೆ ಬಾಯಿ ಹಾಕಿ ಮಾತು ಬೇರೆ ಕಡೆ ತಿರುಗಿಸಿ. ಅವನು ತೆಳ್ಳಗಾಗುತ್ತಿದ್ದಾನೆ, ಮಂಕಾಗಿದ್ದಾನೆ, ಯಾರ ಹತ್ತಿರವೂ ಸೇರುತ್ತಿಲ್ಲ ಅನ್ನಿಸಿದರೆ ಮಾತ್ರ ಬಿಡಬೇಡಿ, ಒಬ್ಬನೇ ಇರುವಾಗ ಹೋಗಿ ‘ನೀನು ಹುಷಾರಾಗಿದ್ದೀಯಾ?’ ಅಂತ ಕೇಳಿ. ಆಗಲೂ ವ್ರತದ ವಿಷಯ ತೆಗೆಯಬೇಡಿ, ಅವನ ಆರೋಗ್ಯ ಹೇಗಿದೆ ಅಂತಷ್ಟೇ ಕೇಳಿ.